ಪಾಯ ತೆಗೆಸುವ ಮುನ್ನ

ಈ ವರ್ಷ ಮನೆ ಕಟ್ಟಿಸಲು ಹೊರಟವರಲ್ಲಿ ನನ್ನದೊಂದು ಮನವಿ. ಸೈಟು ಸಮ ಮಾಡಿಸಿದ್ದೀರಿ, ಬೋರು ಕೊರೆಸಿದ್ದೀರಿ, ಗುದ್ದಲಿ ಪೂಜೆಗೆ ದಿನ ಕೇಳಿದ್ದೀರಿ. ಪೂಜೆಯಾದ ವಾರದೊಳಗೆ ಸೈಟಿನ ಮೂಲೆಯಲ್ಲಿ ಒಂದು ಶೆಡ್ಡು ಏಳುತ್ತದೆ. ಗಾರೆಯಿಲ್ಲದೆ ಪೇರಿಸಿದ ಬ್ಲಾಕು, ಮೇಲೆ ತಗಡಿನ ಶೀಟು, ಶೀಟು ಹಾರಿಹೋಗದಂತೆ ನಾಲ್ಕು ಕಲ್ಲು. ಮೇಸ್ತ್ರಿ ಒಂದು ಸಂಸಾರವನ್ನು ಕರೆತಂದು ಅದರೊಳಗೆ ಇರಿಸುತ್ತಾನೆ. ಗಂಡ ಹೆಂಡತಿ ಹಗಲು ಆಳುಕೆಲಸ ಮಾಡಬೇಕು, ರಾತ್ರಿ ಸಿಮೆಂಟು ಕಬ್ಬಿಣ ಕಾಯಬೇಕು. ಜೊತೆಗೆ ಎರಡೋ ಮೂರೋ ಮಕ್ಕಳು ಇರುತ್ತಾರೆ. ನೀವು ಕಂಟ್ರಾಕ್ಟರಿನ ಜೊತೆ ಮಾಡಿಕೊಂಡ ಕರಾರಿನಲ್ಲಿ ಆ ಮಕ್ಕಳಿಲ್ಲ, ಎಂಜಿನಿಯರು ಕೊಟ್ಟ ಅಂದಾಜುಪಟ್ಟಿಯಲ್ಲೂ ಇಲ್ಲ. ಅವರ ಸಲುವಾಗಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಹೊರವಲಯದ ಒಂದು ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿದಾಗ ಬಂದದ್ದು ಸುರಪುರದ ಕಡೆಯ ಸಂಸಾರ. ಒಂಬತ್ತು ವರ್ಷದ ಹುಡುಗಿ, ಅವಳ ಕಂಕುಳಲ್ಲಿ ಒಂದೂವರೆ ವರ್ಷದ ತಮ್ಮ. ನಾನು ಯಾವ ಹೊತ್ತಿಗೆ ಹೋದರೂ ಹುಡುಗಿ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಪೈಪು ಹಿಡಿದು ಪಿಲ್ಲರಿಗೆ ಸುತ್ತಿದ ಗೋಣಿಚೀಲಕ್ಕೆ ನೀರು ಹಾಯಿಸುತ್ತಿದ್ದಳು. ಕ್ಯೂರಿಂಗು ತಪ್ಪಬಾರದು ಎಂದು ಮೇಸ್ತ್ರಿಗೆ ದಿನವೂ ಫೋನು ಮಾಡಿ ಹೇಳುತ್ತಿದ್ದವಳು ನಾನೇ. ನೀರು ಯಾರ ಕೈಯಿಂದ ಬೀಳುತ್ತಿದೆ ಎಂದು ಕಣ್ಣಿಂದ ನೋಡಿಯೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೋಗುವಾಗ ಬಿಸ್ಕತ್ತು ಒಯ್ಯುತ್ತಿದ್ದೆ. ಮಗಳ ಹಳೆಯ ಫ್ರಾಕು ಕೊಟ್ಟೆ. ಶಾಲೆಯ ಮಾತು ನನ್ನ ಬಾಯಿಗೆ ಬಂದದ್ದು ಲಿಂಟಲ್ ಮುಗಿದ ಮೇಲೆ, ಅದೂ ಮೆಟ್ಟಿಲ ಕೆಳಗಿನ ಗೋಡೆ ನೋಡಿದಾಗ.

ಇಟ್ಟಿಗೆಯ ಮೇಲೆ ಇದ್ದಿಲಲ್ಲಿ ಬರೆದಿತ್ತು. ಯಾವ ದಿನ ಎಷ್ಟು ಮೂಟೆ ಸಿಮೆಂಟು ಬಂತು, ಎಷ್ಟು ಖರ್ಚಾಯಿತು, ಎಂ ಸ್ಯಾಂಡು ಎಷ್ಟು ಲೋಡು. ಕನ್ನಡ ಅಂಕಿ, ದುಂಡು ಅಕ್ಷರ, ಒಂದರ ಕೆಳಗೊಂದು ಸಾಲಾಗಿ. ಕೂಡಿದ ಮೊತ್ತದ ಕೆಳಗೆ ಎರಡು ಗೆರೆ. ತಂದೆಗೆ ಓದಲು ಬಾರದು, ಲೆಕ್ಕ ತಪ್ಪಿದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆಂದು ಹುಡುಗಿ ಬರೆದಿಟ್ಟಿದ್ದಳು. ಊರಲ್ಲಿ ಮೂರನೆಯ ತರಗತಿವರೆಗೆ ಓದಿದ್ದಳಂತೆ. ಅವಳ ತಾಯಿಯನ್ನು ಕೇಳಿದೆ, ಏನಮ್ಮಾ, ಇಷ್ಟು ಚುರುಕಿನ ಹುಡುಗಿಯನ್ನು ಶಾಲೆಗೆ ಯಾಕೆ ಹಾಕಲಿಲ್ಲ?

“ಸಾಲಿಗೆ ಕಳಸಬೇಕಂತ ನಮಗೂ ಆಸಿ ಅದರಿ ಅಕ್ಕಾರ. ಈಕಿ ಹೋದ್ರ ಕೂಸಿನ್ನ ಯಾರು ಹಿಡೀಬೇಕ್ರಿ?”

ನನ್ನ ಬಳಿ ಉತ್ತರವಿರಲಿಲ್ಲ. ಹುಡುಕಿದ್ದರೆ ಸಿಗುತ್ತಿತ್ತು ಎಂಬುದು ಈಗ ಗೊತ್ತು. ಅಂಗನವಾಡಿ ನಮ್ಮ ಸೈಟಿನಿಂದ ಎರಡು ರಸ್ತೆ ಆಚೆಗಿತ್ತು. ನಾನು ಟೈಲ್ಸು ಆರಿಸುವ ಗಡಿಬಿಡಿಯಲ್ಲಿದ್ದೆ. ಗಿಲಾವು ನಡೆಯುವ ಹೊತ್ತಿಗೆ ಆ ತಾಯಿ ಮತ್ತೆ ಬಸುರಿಯಾದದ್ದು ತಿಳಿಯಿತು. ತಲೆಯ ಮೇಲೆ ಬಾಂಡ್ಲಿ ಹೊತ್ತು ಸಾರುವೆಯ ಹಲಗೆ ಏರುತ್ತಲೇ ಇದ್ದಳು. ಗೃಹಪ್ರವೇಶದ ದಿನ ಅವಳಿಗೆ ಸೀರೆ, ಮಕ್ಕಳಿಗೆ ಹೋಳಿಗೆ ಕೊಟ್ಟೆವು. ನಾಲ್ಕನೆಯ ದಿನ ಶೆಡ್ಡು ಬಿಚ್ಚಿ, ಶೀಟನ್ನು ಟೆಂಪೋಗೆ ಹಾಕಿಕೊಂಡು ಹೋದರು. ಮೆಟ್ಟಿಲ ಕೆಳಗಿನ ಲೆಕ್ಕ ಅಷ್ಟರಲ್ಲಿ ಗಿಲಾವಿನಡಿ ಮುಚ್ಚಿಹೋಗಿತ್ತು. ಆ ತಾಯಿಗೆ ಹೆರಿಗೆ ಎಲ್ಲಿ ಆಯಿತು, ಮಗು ಎಷ್ಟು ತೂಗಿತು, ಯಾವುದೂ ನನಗೆ ಗೊತ್ತಿಲ್ಲ.

ಮಗುವಿನ ತೂಕದ ಮಾತು ಸುಮ್ಮನೆ ಎತ್ತಲಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟ ರಿಜಿಸ್ಟರುಗಳನ್ನು ಕಾಪಾಡಿಕೊಂಡು ಬಂದಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ಹಳೆಯ ಪುಸ್ತಕ ತೆರೆದು, ಅದರಲ್ಲಿ ಹೆಸರಿದ್ದವರನ್ನು ಮೈಸೂರಿನಲ್ಲಿ ಹುಡುಕಿ ತೆಗೆದರು. 517 ಗಂಡಸರು ಹೆಂಗಸರನ್ನು ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋಗೆ ಮೀರಿ ಚೆನ್ನಾಗಿ ತೂಗಿದವರಲ್ಲಿ ಅದು ನೂರಕ್ಕೆ 3. ಹುಟ್ಟಿದಾಗ ತೂಕವೂ ಕಡಿಮೆ, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ, ಹೀಗಿದ್ದವರಲ್ಲಿ ನೂರಕ್ಕೆ 20. ಆ ತಾಯಂದಿರು ಬಸುರಿಯರಾಗಿದ್ದಾಗ ಏನು ಉಂಡರು, ಎಷ್ಟು ದುಡಿದರು ಎಂಬುದು ನಲವತ್ತು ಐವತ್ತು ವರ್ಷದ ಮೇಲೆ ಮಕ್ಕಳ ಎದೆಯಲ್ಲಿ ಕಾಣಿಸಿಕೊಂಡಿತು ಎಂದೇ ನಾನು ಅದನ್ನು ಓದಿಕೊಂಡೆ. ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಸಾರುವೆಯ ಹಲಗೆ.

ಯಾವ ಮನೆಯಲ್ಲಿ ಹುಟ್ಟಿದೆವು ಎಂಬುದನ್ನು ನಮ್ಮಲ್ಲಿ ಹಣೆಬರಹ ಅನ್ನುತ್ತಾರೆ. ಸುರಪುರ, ಶಹಾಪುರ, ದೇವದುರ್ಗದ ಕಡೆಯಿಂದ ಜನ ಗುಳೆ ಬರುವುದು ಹಣೆಬರಹದಿಂದ ಅಲ್ಲವೇ ಅಲ್ಲ. ನಾರಾಯಣಪುರದ ಕಾಲುವೆ ಆ ಸೀಮೆಯಲ್ಲೇ ಹರಿದರೂ ಕೊನೆಯಂಚಿನ ಹೊಲಕ್ಕೆ ನೀರು ತಲುಪುವುದು ಕಷ್ಟ. ಮಳೆ ನೆಚ್ಚಿದ ತೊಗರಿ, ಹತ್ತಿ ಕೈಕೊಟ್ಟರೆ ಬೀಜ ಗೊಬ್ಬರದ ಸಾಲ ಉಳಿಯುತ್ತದೆ. ಮೇಸ್ತ್ರಿ ಹಬ್ಬದ ಹೊತ್ತಿಗೆ ಮುಂಗಡ ಕೊಡುತ್ತಾನೆ, ಅದನ್ನು ತೀರಿಸಲು ಬಸ್ಸು ಹತ್ತುತ್ತಾರೆ. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿದ್ದು 39, ಅದರಲ್ಲಿ 21 ಕಲಬುರಗಿ ವಿಭಾಗದವು. ಹತ್ತು ವರ್ಷದ ಮೇಲೆ ಸಂವಿಧಾನಕ್ಕೆ ತಿದ್ದುಪಡಿಯಾಗಿ ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಯೂ ಬಂತು. ಅಲ್ಲಿಯ ಕೆಲಸ ಅಲ್ಲಿ ನಡೆಯಬೇಕು, ಅದಕ್ಕೆ ದನಿ ಎತ್ತುವವರು ಎತ್ತುತ್ತಿದ್ದಾರೆ. ಆದರೆ ಆ ಕೆಲಸ ಮುಗಿಯುವವರೆಗೆ ಮಕ್ಕಳು ಬೆಳೆಯದೆ ಕಾಯುತ್ತಾರೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. ಬಸುರಿನ ಒಂಬತ್ತು ತಿಂಗಳು, ಹುಟ್ಟಿದ ಮೇಲಿನ ಎರಡು ವರ್ಷ, ಇಷ್ಟರೊಳಗೆ ತಪ್ಪಿದ ಬೆಳವಣಿಗೆಯನ್ನು ಆಮೇಲೆ ತುಂಬಿಕೊಡುವುದು ಬಹಳ ಕಷ್ಟ. ಒಂದು ಮನೆ ಏಳಲು ಹತ್ತು ಹನ್ನೆರಡು ತಿಂಗಳು ಬೇಕು. ಲೆಕ್ಕ ಹಾಕಿ ನೋಡಿ. ಒಂದು ಕೂಸಿನ ಬೆಳವಣಿಗೆಯ ಅತಿ ಮುಖ್ಯ ಕಾಲದಲ್ಲಿ ಮೂರನೆಯ ಒಂದು ಭಾಗ ನಿಮ್ಮ ಸೈಟಿನ ಮೂಲೆಯಲ್ಲಿ ಕಳೆದುಹೋಗುತ್ತದೆ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ದೊಡ್ಡ ಅಪಾರ್ಟ್‌ಮೆಂಟು ಕಟ್ಟುವ ಜಾಗದಲ್ಲಿ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುತ್ತಿದ್ದರೆ ಕೂಸುಗಳಿಗೆ ಪ್ರತ್ಯೇಕ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಮ್ಮಂಥವರ ಮೂವತ್ತು ನಲವತ್ತರ ಸೈಟಿನಲ್ಲಿ ದುಡಿಯುವ ಹೆಂಗಸು ಒಬ್ಬಳು, ಹೆಚ್ಚೆಂದರೆ ಇಬ್ಬರು. ಯಾವ ಇಲಾಖೆಯ ಜೀಪೂ ಅಲ್ಲಿಗೆ ಬಂದು ನಿಲ್ಲುವುದಿಲ್ಲ. ಆ ಸಂಸಾರದ ಮಟ್ಟಿಗೆ ಒಂದು ವರ್ಷದ ಕಾಲ ಸರ್ಕಾರವೂ ನೀವೇ, ಊರೂ ನೀವೇ.

ಮೊದಲು ಸಂಪು. ಪಾಯದ ಜೊತೆಯಲ್ಲೇ ಸಂಪು ತೋಡಿಸುತ್ತೀರಿ, ಕಟ್ಟಡಕ್ಕೆ ನೀರು ಬೇಕಲ್ಲ. ಮುಚ್ಚಳ ಬರುವುದು ಮಾತ್ರ ಗ್ರಿಲ್ ಕೆಲಸ ಆಗುವಾಗ, ಅಂದರೆ ಕೊನೆಗೆ. ನಡುವಿನ ಎಂಟು ತಿಂಗಳು ಬಾಯಿ ತೆರೆದ ಗುಂಡಿಯ ಪಕ್ಕದಲ್ಲೇ ಅಂಬೆಗಾಲಿಡುವ ಮಗು ಆಡುತ್ತಿರುತ್ತದೆ. ಹೀಗೆ ಮುಳುಗಿ ಸತ್ತ ಮಕ್ಕಳ ಸುದ್ದಿ ಪೇಪರಿನ ಮೂಲೆಯಲ್ಲಿ ನೀವೂ ಓದಿರುತ್ತೀರಿ. ಸಂಪಿನ ಸ್ಲ್ಯಾಬು ಹಾಕಿದ ದಿನವೇ ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ ಹಾಕಿಸಿ. ಹೇಗೂ ಕೊಡಬೇಕಾದ ದುಡ್ಡು, ಎಂಟು ತಿಂಗಳು ಮೊದಲೇ ಕೊಡುತ್ತೀರಿ, ಅಷ್ಟೇ.

ಆಮೇಲೆ ಪಾಯಿಖಾನೆ ಮತ್ತು ಚಿಲಕ. ಚಿಲಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನಗೂ ಅದು ತಡವಾಗಿ ಅರ್ಥವಾಯಿತು. ನಮ್ಮ ಬೀದಿಯ ಇನ್ನೊಂದು ಸೈಟಿನಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಕಾಣೆಯಾದಳು. ಕೇಳಿದರೆ ಊರಿಗೆ, ಅಜ್ಜಿಯ ಹತ್ತಿರ ಬಿಟ್ಟು ಬಂದೆವು ಅಂದರು. ಮುಂದಿನ ಬೇಸಿಗೆಯಲ್ಲಿ ಮದುವೆ ಗೊತ್ತಾಗಿತ್ತು. “ದೊಡ್ಡಾಕಿ ಆದ ಮ್ಯಾಲ ಬಾಗಲಾ ಇಲ್ಲದ ಶೆಡ್ಡಿನ್ಯಾಗ ಹೆಂಗ ಇಟ್ಕೋಬೇಕ್ರಿ” ಅಂದಳು ತಾಯಿ. ಬಾಲ್ಯವಿವಾಹ ಎಂದೊಡನೆ ನಾವು ಅಜ್ಞಾನ, ಸಂಪ್ರದಾಯ ಎಂದು ಮಾತಾಡುತ್ತೇವೆ. ಆ ತಾಯಿ ಹೇಳಿದ್ದು ಬಾಗಿಲಿನ ಮಾತು. ಶೆಡ್ಡಿಗೆ ಬಾಗಿಲ ಬದಲು ಗೋಣಿ, ಸ್ನಾನಕ್ಕೆ ಕತ್ತಲಾಗುವವರೆಗೆ ಕಾಯುವುದು, ಬಯಲಿಗೆ ಪಕ್ಕದ ಖಾಲಿ ಸೈಟು, ಸಂಜೆಯಾದರೆ ಲೋಡು ಇಳಿಸಲು ಬರುವ ಅಪರಿಚಿತ ಗಂಡಸರು. ಅಲ್ಲಿ ಬೆಳೆದ ಹುಡುಗಿಯನ್ನು ಇಟ್ಟುಕೊಳ್ಳಲು ಯಾವ ತಾಯಿಗೆ ಧೈರ್ಯ ಬಂದೀತು? ಸೆಂಟ್ರಿಂಗಿನ ಹಳೆಯ ಹಲಗೆಯಲ್ಲಿ ಒಂದು ಬಾಗಿಲು ಹೊಡೆಸಿ, ಒಳಗಿನಿಂದ ಚಿಲಕ ಹಾಕಿಸಿ, ಒಂದು ಬಲ್ಬು ಕೊಡಿಸಿ. ನಿಮ್ಮ ಮನೆಗೆ ಹೊರಗಿನ ಪಾಯಿಖಾನೆ ಇದ್ದರೆ ಅದನ್ನೇ ಮೊದಲು ಕಟ್ಟಿಸಿ ಅವರಿಗೆ ಬಿಟ್ಟುಕೊಡಿ. ಇಲ್ಲದಿದ್ದರೆ ಒಂದು ಗುಂಡಿ, ಒಂದು ಬೇಸಿನ್, ನಾಲ್ಕು ಶೀಟು ಸಾಕು. ಎಂಜಿನಿಯರಿಗೆ ಇದನ್ನು ಪಾಯಕ್ಕೆ ಮುಂಚೆಯೇ ಹೇಳಿ, ಅಂದಾಜುಪಟ್ಟಿಯಲ್ಲಿ ಬರೆಸಿ. ಆಮೇಲೆ ನೋಡೋಣ ಎಂದರೆ ಆಗುವುದಿಲ್ಲ, ನನಗೆ ಆಗಲಿಲ್ಲ.

ಶಾಲೆಯ ಕೆಲಸ ಅಂದುಕೊಂಡಷ್ಟು ಕಷ್ಟದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಟಿಸಿ ಬಂದಿಲ್ಲ, ವಯಸ್ಸಿನ ದಾಖಲೆ ಇಲ್ಲ, ದಾಖಲಾತಿಯ ಕಾಲ ಮುಗಿಯಿತು ಎಂಬ ಕಾರಣ ಹೇಳಿ ಶಾಲೆ ಬಾಗಿಲು ಹಾಕುವಂತಿಲ್ಲ. ನವೆಂಬರಿನಲ್ಲಿ ಬಂದ ಮಗುವಿಗೂ ಜಾಗ ಕೊಡಬೇಕು, ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕು. ಇದು ತಂದೆ ತಾಯಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಬೆಳಿಗ್ಗೆ ಹತ್ತು ಗಂಟೆಗೆ ಕೂಲಿ ಬಿಟ್ಟು ಹೋಗಿ ಹೆಡ್‌ಮಾಸ್ತರರ ಕೋಣೆಯ ಮುಂದೆ ನಿಲ್ಲುವ ಧೈರ್ಯ ಇರುವುದಿಲ್ಲ. ಒಂದು ದಿನ ನೀವು ಜೊತೆಗೆ ಹೋಗಿ. ಅರ್ಧ ದಿನದ ಕೂಲಿ ಕಡಿಯಬೇಡಿ ಎಂದು ಮೇಸ್ತ್ರಿಗೆ ಹೇಳಿ. ಊರ ಶಾಲೆಗೆ ಒಂದು ಫೋನು ಮಾಡಿದರೆ ಮಗುವಿನ ಶಾಲಾ ದಾಖಲೆಯ ಸ್ಯಾಟ್ಸ್ ಸಂಖ್ಯೆ ಸಿಗುತ್ತದೆ, ಮಿಕ್ಕದ್ದನ್ನು ಶಿಕ್ಷಕರೇ ನೋಡಿಕೊಳ್ಳುತ್ತಾರೆ. ಶಾಲೆ ಎಂದರೆ ಪಾಠ ಮಾತ್ರವಲ್ಲ, ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ ಎಲ್ಲವೂ ಅಲ್ಲಿದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ಉತ್ತರದ ಏಳು ಜಿಲ್ಲೆಗಳಲ್ಲಿ, ಕಲಬುರಗಿ ರಾಯಚೂರು ಸೇರಿ. ತಮ್ಮ ಊರಲ್ಲಿ ಎಲ್ಲರಿಗಿಂತ ಮೊದಲು ಬಂದ ಊಟ ಬೆಂಗಳೂರಿಗೆ ಬಂದೊಡನೆ ಈ ಮಕ್ಕಳ ಕೈ ತಪ್ಪುತ್ತದೆ.

ಹುಡುಗಿ ಶಾಲೆಗೆ ಹೋಗಬೇಕಾದರೆ ಕೂಸನ್ನು ಹಿಡಿಯುವವರು ಬೇಕು. ನನ್ನ ಬಾಯಿ ಮುಚ್ಚಿಸಿದ ಪ್ರಶ್ನೆ ಅದು. ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಯಲ್ಲಿ ಕೂರಿಸಬಹುದು. ಅದಕ್ಕೂ ಚಿಕ್ಕದಾದರೆ ಅಂಗನವಾಡಿಯಿಂದ ಮನೆಗೆ ಆಹಾರ ಸಿಗುತ್ತದೆ, ಕೂಸಿನ ತೂಕವನ್ನೂ ನೋಡುತ್ತಾರೆ, ಆದರೆ ಇಡೀ ದಿನ ಇಟ್ಟುಕೊಳ್ಳುವ ವ್ಯವಸ್ಥೆ ಎಲ್ಲ ಕಡೆ ಇಲ್ಲ. ಇಲ್ಲಿ ನೀವೇ ಒಂದು ತೀರ್ಮಾನ ಮಾಡಬೇಕು. ನಮ್ಮ ಬೀದಿಯಲ್ಲಿ ಈಗ ಮೂರು ಮನೆ ಏಳುತ್ತಿವೆ. ಮೂರೂ ಶೆಡ್ಡಿನ ಕೂಸುಗಳನ್ನು ಒಬ್ಬ ಅಜ್ಜಿ ನೋಡಿಕೊಳ್ಳುತ್ತಾಳೆ, ಮೂರು ಮನೆಯ ಮಾಲೀಕರು ಸೇರಿ ಅವಳಿಗೆ ಕೂಲಿ ಕೊಡುತ್ತಾರೆ. ಇದು ಒಬ್ಬೊಬ್ಬರಿಗೆ ಎಷ್ಟು ಬಿತ್ತು ಎಂದರೆ, ವಾರ್ಡ್‌ರೋಬಿನ ಹಿಡಿಗಳಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಹೊಗಳಿಕೊಳ್ಳಲು ಹೇಳುತ್ತಿಲ್ಲ, ಆಗುತ್ತದೆ ಎಂಬ ನಂಬಿಕೆ ಬರಲಿ ಎಂದು ಹೇಳುತ್ತಿದ್ದೇನೆ.

ಹೆಂಗಸು ಬಸುರಿಯೇ ಎಂದು ಮನೆಯ ಹೆಂಗಸರು ಕೇಳಬೇಕು, ಮೇಸ್ತ್ರಿ ಕೇಳುವುದಿಲ್ಲ. ತಾಯಿ ಕಾರ್ಡು ಊರಲ್ಲಿ ಉಳಿದಿದ್ದರೆ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಶೆಡ್ಡಿಗೆ ಕರೆತನ್ನಿ. ಕಬ್ಬಿಣಾಂಶದ ಮಾತ್ರೆ, ಸೂಜಿ, ತಪಾಸಣೆ ಇಲ್ಲಿಯೇ ಆಗುತ್ತದೆ. 2017ರಲ್ಲಿ ಬಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಿಂದ ಮಧ್ಯಾಹ್ನದ ಊಟವೂ ಇದೆ. ಆ ತಿಂಗಳುಗಳಲ್ಲಿ ಅವಳಿಗೆ ನೆಲದ ಮೇಲಿನ ಹಗುರ ಕೆಲಸ ಕೊಡಿಸಿ, ಕೂಲಿ ಕಡಿಯದಂತೆ ನೋಡಿಕೊಳ್ಳಿ. ಪಡಿತರ ಚೀಟಿ ಯಾದಗಿರಿಯದ್ದಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ತರಬಹುದು. ಅಂಗಡಿಯವರು ಗೊಣಗಿದರೆ ಜೊತೆಗೆ ನೀವೂ ನಿಲ್ಲಿ.

ಇನ್ನು ಕಾರ್ಮಿಕ ಕಾರ್ಡು. ನಕ್ಷೆ ಮಂಜೂರಾತಿಗೆಂದು ನಾವು ಕಟ್ಟಿದ ಹಣದ ರಸೀದಿಯಲ್ಲಿ ಕಾರ್ಮಿಕ ಸೆಸ್ ಎಂಬ ಸಾಲಿತ್ತು, ಕಟ್ಟಡದ ವೆಚ್ಚದ ಶೇ. 1. ಆ ಹಣ ಹೋಗುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ. ಮಕ್ಕಳ ಓದಿಗೆ ನೆರವು, ಹೆರಿಗೆ ಸಹಾಯ, ಅಪಘಾತ ಪರಿಹಾರ, ಪಿಂಚಣಿ ಎಲ್ಲಕ್ಕೂ ಅದೇ ಮೂಲ. ನೋಂದಣಿಯಾದವರಿಗೆ ಮಾತ್ರ ಅದು ಸಿಗುತ್ತದೆ. ನೋಂದಣಿಗೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದೃಢೀಕರಣ ಪತ್ರ ಬೇಕು. ಮೇಸ್ತ್ರಿಗಳು ಹಲವರು ರುಜು ಹಾಕಲು ಹಿಂದೆಗೆಯುತ್ತಾರೆ. ನಿಮ್ಮ ಸೈಟಿನಲ್ಲಿ ನಿಜವಾಗಿ ದುಡಿದವರ ಕಾಗದ ನಿಮ್ಮ ಮುಂದೆಯೇ ತಯಾರಾಗಲಿ, ಗಂಡನ ಹೆಸರಲ್ಲಿ ಒಂದು, ಹೆಂಡತಿಯ ಹೆಸರಲ್ಲಿ ಇನ್ನೊಂದು. ಅವಳೂ ಹೊತ್ತಿದ್ದಾಳೆ. ಸೆಸ್ ಎಂದು ಕಟ್ಟಿದ ದುಡ್ಡು ಸೇರಬೇಕಾದವರಿಗೆ ಸೇರಲಿ.

ಇಷ್ಟು ಹೇಳಿದಾಗ ಕೆಲವರು ನನ್ನನ್ನು ಕೇಳಿದ್ದಾರೆ, ನಾವು ಕರೆಸಿದವರಲ್ಲವಲ್ಲ, ಮೇಸ್ತ್ರಿ ಕರೆಸಿದ್ದು, ನಾವು ತಲೆ ಹಾಕುವುದು ಸರಿಯೇ? ಗೋಡೆ ಅರ್ಧ ಇಂಚು ವಾಲಿದರೆ ತಲೆ ಹಾಕುತ್ತೇವೆ. ಇನ್ನು ಕೆಲವರು, ಅವರಿಗೇ ಓದಿಸುವ ಮನಸ್ಸಿಲ್ಲ ಅನ್ನುತ್ತಾರೆ. ಮನಸ್ಸಿಲ್ಲದ ಒಂದೆರಡು ಮನೆ ನಾನೂ ನೋಡಿದ್ದೇನೆ, ಕುಡಿತದ ಮನೆಯನ್ನೂ ನೋಡಿದ್ದೇನೆ. ಅಂಥಲ್ಲಿ ಮಗುವಿಗೆ ಹೊಡೆತ, ಹಸಿವು, ಬಲವಂತದ ದುಡಿಮೆ ಕಂಡರೆ 1098ಕ್ಕೆ ಫೋನು ಮಾಡಿ, ಹಿಂಜರಿಯಬೇಡಿ. ಆದರೆ ನಾನು ಮಾತಾಡಿಸಿದ ಹೆಚ್ಚಿನ ತಾಯಂದಿರ ಕಷ್ಟ ಬೇರೆ. ಮನಸ್ಸಿತ್ತು. ಕೂಸನ್ನು ಹಿಡಿಯುವವರಿರಲಿಲ್ಲ, ಚಿಲಕವಿರಲಿಲ್ಲ, ಹತ್ತು ಗಂಟೆಗೆ ಬಿಡುವಿರಲಿಲ್ಲ, ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ.

ಒಂದು ಮಾತು ಬಡಾವಣೆಯ ಸಂಘದವರಿಗೂ ಹೇಳಬೇಕು. ಕಟ್ಟಡ ಸಾಮಾನು ರಸ್ತೆಯಲ್ಲಿ ಹಾಕುವುದಕ್ಕೆ ನಿಯಮ ಮಾಡಿದ್ದೀರಿ, ಕೊಳವೆ ಜೋಡಣೆಗೆ ಮಾಡಿದ್ದೀರಿ. ಹೊಸ ಮನೆ ಶುರುವಾಗುವಾಗ ಶೆಡ್ಡಿನಲ್ಲಿ ಎಷ್ಟು ಮಕ್ಕಳು, ಎಷ್ಟು ವಯಸ್ಸು, ಯಾವ ತರಗತಿ ಎಂದು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಪ್ರತಿ ತಿಂಗಳ ಸಭೆಯಲ್ಲಿ ಒಮ್ಮೆ ಓದಿ. ಮೈಸೂರಿನ ಆಸ್ಪತ್ರೆಯವರು ಬರೆದಿಟ್ಟದ್ದರಿಂದಲೇ ಅಲ್ಲವೇ ಅರವತ್ತು ವರ್ಷದ ಮೇಲೆ ಅಷ್ಟು ದೊಡ್ಡ ವಿಷಯ ಕಣ್ಣಿಗೆ ಬಿದ್ದದ್ದು.

ಹೊರಡುವ ಹೊತ್ತನ್ನೂ ಮರೆಯಬೇಡಿ. ಗೃಹಪ್ರವೇಶ ಶಾಲೆಯ ವರ್ಷದ ನಡುವೆ ಬಿದ್ದರೆ, ಪರೀಕ್ಷೆ ಮುಗಿಯುವವರೆಗೆ ಶೆಡ್ಡು ಇರಲಿ. ಮನೆಯ ಮುಂದೆ ತಗಡು ಕಂಡರೆ ಅಂದ ಕೆಡುತ್ತದೆ ಎಂದು ನಾವು ನಾಲ್ಕೇ ದಿನಕ್ಕೆ ಬಿಚ್ಚಿಸಿದೆವು. ಎರಡು ತಿಂಗಳು ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಹೊರಡುವ ಮುನ್ನ ಟಿಸಿ, ತಾಯಿ ಕಾರ್ಡು, ಕಾರ್ಮಿಕ ಕಾರ್ಡು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ತಾಯಿಯ ಕೈಗೆ ಕೊಡಿ. ಶೆಡ್ಡಿನಲ್ಲಿ ಮಳೆ ನೀರು ಎಲ್ಲಿಂದ ಬೇಕಾದರೂ ಬರುತ್ತದೆ.

ನಮ್ಮ ಎದುರು ಸೈಟಿನ ಮನೆಗೆ ಮಾಘದಲ್ಲಿ ಗೃಹಪ್ರವೇಶ. ಆಮೇಲೆ ಅಲ್ಲಿಯ ಶೆಡ್ಡಿನ ಸಂಸಾರ ಯಾವ ಕಡೆಗೆ ಹೋಗುತ್ತದೋ ಮೇಸ್ತ್ರಿಗೂ ಗೊತ್ತಿಲ್ಲ. ನಿಮ್ಮ ಬೀದಿಗೇ ಬರಬಹುದು. ಬಂದರೆ ಗುರುತಿಗೆ ಹೇಳುತ್ತೇನೆ: ಮೂರನೆಯ ತರಗತಿಯ ಹುಡುಗಿ, ಏಳರ ಮಗ್ಗಿಯವರೆಗೆ ತಡೆಯಿಲ್ಲದೆ ಹೇಳುತ್ತಾಳೆ, ಎಂಟರದು ಅರ್ಧ ಆಗಿದೆ. ಕಾಗದಗಳೆಲ್ಲ ಅವಳಮ್ಮನ ಟ್ರಂಕಿನಲ್ಲಿ, ನೀಲಿ ಕವರಿನಲ್ಲಿ ಇರುತ್ತವೆ.